ಅಕ್ಕೋರು ಕೇಳಿದರೆ ಎಲ್ಲರೂ ತೃಪ್ತರು

ಅಕ್ಕೋರು ಎರಡನೆಯ ಸಲ ನಿವೃತ್ತರಾಗಿ ಒಂದು ತಿಂಗಳಾಯಿತು. ಮೊದಲನೆಯ ಸಲ ಸರ್ಕಾರ ನಿವೃತ್ತಿ ಕೊಟ್ಟಿತ್ತು. ಆಗ ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ, ಭಾಷಣ ಎಲ್ಲವೂ ಆಗಿದ್ದವಂತೆ. ಈ ಸಲ ನಿವೃತ್ತಿ ಕೊಟ್ಟದ್ದು ಅವರ ಮೊಣಕಾಲು. ಕುಮಟೆಯ ನಮ್ಮ ಆಫೀಸು ಮಹಡಿಯ ಮೇಲಿದೆ. ಹೇಗೋ ಹತ್ತಿ ಬಂದು, ಕೊಡೆಯನ್ನು ಬಾಗಿಲಿಗೆ ಒರಗಿಸಿ, ಉಸಿರು ಸರಿಮಾಡಿಕೊಂಡು, "ತಂಗಿ, ಇನ್ನು ಈ ಮೆಟ್ಲು ಹತ್ತುಕೆ ಆಗುದಿಲ್ಲ. ನಾ ಬಿಟ್ಟೆ. ಸಮಾರಂಭ ಗಿಮಾರಂಭ ಹೇಳಿ ಎಂತಾದ್ರೂ ಮಾಡಿದ್ರೆ ನಾ ಬರುದಿಲ್ಲ" ಎಂದರು. ಸಮಾರಂಭ ಬೇಡ ಎಂದರೇ ಹೊರತು ಬರೆಯಬೇಡ ಅನ್ನಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಭಟ್ಕಳದಿಂದ ಹಿಡಿದು ಹೊನ್ನಾವರ ದಾಟಿ ಕುಮಟೆಯವರೆಗೆ ಅವರಿಂದ ಮಗ್ಗಿ ಕಲಿತವರೆಲ್ಲ ನನಗೆ ಫೋನ್ ಮಾಡಿ ತಮ್ಮ ತಮ್ಮ ಕಥೆ ಶುರುಮಾಡುತ್ತಾರೆ. ನಮ್ಮ ಕರಾವಳಿಯಲ್ಲಿ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತೇವೆ. ಅವರು ಮೂರೂ ತಾಲೂಕಿನ ಶಾಲೆಗಳಲ್ಲಿ ಕಲಿಸಿದವರು. ಇಲ್ಲಿ ನಾಲ್ಕು ವರ್ಷ, ಅಲ್ಲಿ ಆರು ವರ್ಷ, ವರ್ಗವಾದಲ್ಲೆಲ್ಲ ಕೊಡೆ ಹಿಡಿದು ಹೋದವರು. ಅವರ ಹೆಸರು ಕೆಲವರಿಗೆ ಮರೆತೇ ಹೋಗಿತ್ತು. ಅಕ್ಕೋರು ಅಂದರೆ ಸಾಕಿತ್ತು.

ನಮ್ಮಿಬ್ಬರನ್ನು ಒಂದುಗೂಡಿಸಿದ್ದು ಚುನಾವಣೆ. ಬೆಂಗಳೂರಿನ ಒಂದು ಸಂಸ್ಥೆ ಈ ಮೂರು ತಾಲೂಕಿನ ಜನರ ರಾಜಕೀಯ ಅಭಿಪ್ರಾಯ ತಿಳಿದುಕೊಡುವ ಕೆಲಸವನ್ನು ನಮ್ಮ ಪುಟ್ಟ ಆಫೀಸಿಗೆ ವಹಿಸಿತ್ತು. ಸರ್ಕಾರ ಹೇಗಿದೆ, ಶಾಸಕರು ಹೇಗಿದ್ದಾರೆ, ಮುಂದಿನ ಸಲ ಒಲವು ಯಾವ ಕಡೆ, ಇಷ್ಟೇ ಪ್ರಶ್ನೆ. ಆದರೆ ಎರಡು ದಾರಿಯಲ್ಲಿ ಕೇಳಬೇಕು. ಒಂದು, ಫೋನಿಗೆ ಲಿಂಕ್ ಕಳಿಸಿ ಆನ್‌ಲೈನಿನಲ್ಲಿ. ಅದು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದ ನನ್ನ ಪಾಲು. ಇನ್ನೊಂದು, ಮನೆ ಮನೆಗೆ ಹೋಗಿ ಬಾಯಲ್ಲಿ ಕೇಳುವುದು. ಅದಕ್ಕೆ ಕೆಲವು ಹುಡುಗಿಯರ ತಂಡ, ತಂಡಕ್ಕೆ ಮುಖ್ಯಸ್ಥೆ ಅಕ್ಕೋರು.

ಮೊದಲ ದಿನವೇ ಅವರು ನನಗೆ ಪಾಠ ಮಾಡಿದರು. ಬೆಳಿಗ್ಗೆ ಅವರ ಫೋನಿಗೂ ಲಿಂಕ್ ಕಳಿಸಿದ್ದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಪರದೆಯ ಮೇಲೆ ಮೂರು ಚಂದದ ಉತ್ತರ ಬಂದಿದ್ದವು. ಒಬ್ಬ ತೆಂಗಿನಗುಂಡಿಯ ಮೀನುಗಾರ, ಎಳೇ ಪ್ರಾಯ, ಬಹಳ ಸಿಟ್ಟು. ಇನ್ನೊಬ್ಬರು ಭಟ್ಕಳದ ಬಟ್ಟೆ ವ್ಯಾಪಾರಿ, ಸಮಾಧಾನಿ. ಮೂರನೆಯವಳು ಹೊನ್ನಾವರದ ಕಾಲೇಜು ಹುಡುಗಿ, ಯಾವುದರಲ್ಲೂ ಆಸಕ್ತಿಯಿಲ್ಲ. ಎಷ್ಟು ತರಹೇವಾರಿ ಜನ ಎಂದು ನಾನು ಹಿಗ್ಗುತ್ತಿದ್ದಾಗ ಅಕ್ಕೋರು ಹಿಂದಿನಿಂದ ಬಂದು ಬಗ್ಗಿ ನೋಡಿದರು. "ಮೂವರೂ ನಾನೇ. ನಿನ್ನ ಲಿಂಕು ನನ್ನನ್ನೇ ಗಂಡುಹುಡುಗ ಹೇಳಿ ನಂಬ್ತಲ್ಲೇ ತಂಗಿ. ಮೀಸೆ ಕೂಡ ನೋಡ್ಲಿಲ್ಲ." ಅಂದೇ ಸಂಜೆ ಒಂದು ನಂಬರಿನಿಂದ ಒಂದೇ ಉತ್ತರ ಬರುವಂತೆ ಬಿಗಿ ಮಾಡಿದೆ. "ಮನೆಗೆ ಒಂದೇ ಫೋನಿದ್ದವ್ರು ಎಂತ ಮಾಡುದು?" ಎಂದು ಕೇಳಿದರು. ಆಮೇಲೆ ನೋಡೋಣ ಅಂದೆ. "ಹಾಂ, ಆಮೇಲೆ ನೋಡು," ಎಂದು ತಲೆಯಾಡಿಸಿದ ರೀತಿಯಲ್ಲಿ ನನಗೆ ಅರ್ಧ ಮಾರ್ಕು ಕಡಿಮೆಯಾದದ್ದು ಗೊತ್ತಾಯಿತು.

ಅವರಿಗೊಂದು ಅಭ್ಯಾಸವಿತ್ತು. ಏನಾದರೂ ಎಡವಟ್ಟಾದರೆ ಅಂಗೈಗೆ ಅಂಗೈ ಒಮ್ಮೆ ಬಡಿದು, "ಇದು ಚಲೋ ಆತು ನೋಡು," ಅನ್ನುತ್ತಿದ್ದರು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಅವರಿಗೆ ನಿಜವಾಗಿ ಚಲೋ ಅನಿಸುತ್ತಿತ್ತು. ಬಸ್ಸು ಕೆಟ್ಟರೆ ಚಲೋ, ಪಕ್ಕದಲ್ಲಿ ಕೂತವರ ಅಭಿಪ್ರಾಯ ಕೇಳಬಹುದು. ನಾಯಿ ಅಟ್ಟಿಸಿಕೊಂಡು ಬಂದರೆ ಚಲೋ, ಆ ಮನೆಯವರು ನಾಚಿಕೊಂಡು ತಕ್ಷಣ ಬಾಗಿಲು ತೆಗೆಯುತ್ತಾರೆ. ಜಗತ್ತು ತಾನು ಅಂದುಕೊಂಡ ಹಾಗಿಲ್ಲ ಎಂದು ಗೊತ್ತಾದಾಗಲೆಲ್ಲ ಅವರಿಗೆ ಹಬ್ಬ. ನಾನೋ ಒಂದು ಸಂಖ್ಯೆ ತಾಳೆಯಾಗದಿದ್ದರೆ ಊಟ ಬಿಡುವವಳು. ಈ ಹೆಂಗಸಿಗೆ ಎಲ್ಲಿಂದ ಬರುತ್ತದಪ್ಪ ಇಷ್ಟು ಹುರುಪು ಎಂದು ಹೊಟ್ಟೆಕಿಚ್ಚು ಪಟ್ಟದ್ದೂ ಉಂಟು.

ಮನೆ ಮನೆ ಸಮೀಕ್ಷೆಯನ್ನು ಅವರು ಸಮೀಕ್ಷೆ ಅನ್ನುತ್ತಿರಲಿಲ್ಲ, "ತಿರುಗುದು" ಅನ್ನುತ್ತಿದ್ದರು. ತಿರುಗುವುದೆಂದರೆ ಪ್ರಾಣ. ಮದುವೆಯಾಗದೆ ಉಳಿದವರು, ಹೊನ್ನಾವರದ ಬಾಡಿಗೆ ಮನೆಯಲ್ಲಿ ಒಬ್ಬರೇ. ಶಾಲೆ ಬಿಟ್ಟ ಮೇಲೆ ಬೆಳಗಾದರೆ ಯಾರೂ ನಮಸ್ತೆ ಅನ್ನದ ಮನೆಯಲ್ಲಿ ಕೂತು ಕೂತು ಹುಚ್ಚು ಹಿಡಿಯುವುದೊಂದು ಬಾಕಿಯಿತ್ತು ಎಂದು ಅವರೇ ನಗುತ್ತ ಹೇಳಿದ್ದರು. ಈಗ ಬೇಲಿಯ ಒಂದೊಂದು ದಣಪೆ ದಾಟಿ ಅಂಗಳಕ್ಕೆ ಕಾಲಿಟ್ಟರೆ ಸಾಕು, "ಅಕ್ಕೋರು ಬಂದ್ರು" ಎಂದು ಒಳಗಿನವರೆಲ್ಲ ಹೊರಗೆ. ಆಸರಿಗೆ ಎಂತ ಬೇಕು, ನೀರು ಬೆಲ್ಲ ಸಾಕಾ, ಚಾ ಮಾಡುದಾ, ಊಟ ಮಾಡ್ಕಂಡೇ ಹೋಗಿ. ನಮ್ಮಲ್ಲಿ ಹೊಸಬರು ಬಂದರೆ ಮೊದಲು "ನೀವು ಯಾರ ಪೈಕಿ?" ಎಂದು ಕೇಳಿ, ಊರು ಮನೆತನ ತಿಳಿದುಕೊಂಡು ಆಮೇಲೆ ಮಾತು. ಅಕ್ಕೋರಿಗೆ ಆ ಪ್ರಶ್ನೆಯೇ ಇಲ್ಲ. ಹುಡುಗಿಯರಿಗೆ ಬಾಗಿಲು ಸುಲಭವಾಗಿ ತೆರೆಯಲಿ ಎಂದು ಸಾಧ್ಯವಾದ ಮನೆಗೆಲ್ಲ ತಾವೂ ಜೊತೆಗೆ ಹೋಗುತ್ತಿದ್ದರು. ಪ್ರಶ್ನೆ ಕೇಳುವವಳು ಹುಡುಗಿಯಾದರೂ ಪಕ್ಕದಲ್ಲಿ ಅಕ್ಕೋರು ಕೂತಿರುತ್ತಿದ್ದರು.

ಹಿರೇಗುತ್ತಿಗೆ ಒಮ್ಮೆ ನಾನೂ ಜೊತೆಗೆ ಹೋದಾಗ, ಸಮೀಕ್ಷೆಗೆ ಆಯ್ಕೆಯಾದ ಮನೆಗೆ ಬೀಗ. ಮನೆಯವರೆಲ್ಲ ಭತ್ತದ ಸಸಿ ನೆಡುವ ನಟ್ಟಿಗೆ ಗದ್ದೆಗಿಳಿದಿದ್ದರು. ಅಕ್ಕೋರು ಚಪ್ಪಲಿ ಅಂಚಿನಲ್ಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಕೆಸರಿಗಿಳಿದೇಬಿಟ್ಟರು. ಸಸಿಯ ಕಟ್ಟು ಕೈಗೆ ತೆಗೆದುಕೊಂಡು ಸಾಲಿನಲ್ಲಿ ಸೇರಿ, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಪ್ರಶ್ನೆ ಕೇಳಿದರು. ಮನೆಯ ಹಿರಿಯಾಕೆ ನೇರ ಉತ್ತರ ಕೊಡದೆ ನಟ್ಟಿ ಹಾಡಿನ ಧಾಟಿಯಲ್ಲಿ ಅಲ್ಲೇ ಕಟ್ಟಿ ಹಾಡಿದಳು. ಶಾಸಕರ ಕಾರು ಗದ್ದೆಯಂಚಿನವರೆಗೆ ಬಂತು, ಕೆಸರು ನೋಡಿತು, ಹಿಂದೆ ಹಿಂದೆ ಹೋಯಿತು, ನಾವೂ ಹಿಂದೆ ಹಿಂದೆ ಹೋಗುತ್ತ ನಟ್ಟಿ ಮಾಡುತ್ತೇವೆ, ಹೀಗೇನೋ ಅರ್ಥ. ಸಾಲಿನವರೆಲ್ಲ ನಕ್ಕು ಸೊಂಟ ಹಿಡಿದುಕೊಂಡರು. ಹಾಡು ಮುಗಿದ ಮೇಲೆ ಅಕ್ಕೋರು, "ಹಾಂಗಾರೆ ಎಂತ ಬರ್ಕಳ್ಲಿ? ತೃಪ್ತಿಯಾ, ಇಲ್ಯಾ?" ಎಂದು ಕೇಳಿದರು. ಹಿರಿಯಾಕೆ ಕೂಡಲೇ ಗಂಭೀರಳಾಗಿ, "ತೃಪ್ತಿ ಬರ್ಕಳಿ ಅಕ್ಕೋರೇ," ಅಂದಳು. ಬಾಯಲ್ಲಿ ಕೊಟ್ಟ ಉತ್ತರವನ್ನೇ ಬರೆಯಬೇಕೆಂಬುದು ನಿಯಮ. ಅಕ್ಕೋರು ಕೆಸರು ಕೈಯಲ್ಲೇ ತೃಪ್ತಿ ಎಂದು ಗುರುತು ಹಾಕಿದರು. ನಾವಿಬ್ಬರೂ ದಾರಿಯುದ್ದಕ್ಕೂ ಆ ಹಾಡು ನೆನೆದು ನಕ್ಕೆವೇ ಹೊರತು, ಹಾಡಿಗೂ ಉತ್ತರಕ್ಕೂ ನಡುವೆ ಬಿದ್ದ ಕಂದಕ ನಮ್ಮ ಕಣ್ಣಿಗೆ ಬೀಳಲಿಲ್ಲ.

ಬಿದ್ದದ್ದು ಲೆಕ್ಕ ಒಟ್ಟು ಹಾಕಿದಾಗ. ನನ್ನ ಲಿಂಕಿನಲ್ಲಿ ಜನ ಕೆಂಡ ಕಾರುತ್ತಿದ್ದರು. ರಸ್ತೆಗೆ ಬೈಗುಳ, ನೀರಿಗೆ ಬೈಗುಳ, ಶಾಸಕರಿಗಂತೂ ಸಹಸ್ರನಾಮ. ದುಬೈಯಲ್ಲಿ ಕೆಲಸ ಮಾಡುವ ಭಟ್ಕಳದವರು ಕೂಡ, ಯಾರೋ ಮನೆಯಿಂದ ಕಳಿಸಿದ ಲಿಂಕ್ ಒತ್ತಿ, ತೆಂಗಿನಗುಂಡಿ ರಸ್ತೆಯ ಹೊಂಡದ ಬಗ್ಗೆ ಪುಟಗಟ್ಟಲೆ ಬರೆದಿದ್ದರು. ಅಕ್ಕೋರ ಕಡೆಯ ಲೆಕ್ಕ ನೋಡಿದರೆ ಅದೇ ಹೊಂಡದ ಅಕ್ಕಪಕ್ಕದಲ್ಲಿ ಬದುಕುವವರೆಲ್ಲ ಪರಮ ಸುಖಿಗಳು. ಸರ್ಕಾರ ಚಲೋ, ಶಾಸಕರು ಚಲೋ, ಎಲ್ಲಾ ಚಲೋ. ಒಂದೇ ನೆಲದ ಮೇಲೆ ಎರಡು ದೇಶ ಇದ್ದ ಹಾಗಿತ್ತು.

ಬೆಂಗಳೂರಿನ ಸಾಹೇಬರು ಸ್ಪೀಕರ್ ಫೋನಿನಲ್ಲಿ ತಣ್ಣಗೆ ಮಾತಾಡಿದರು. ಆನ್‌ಲೈನಿನಲ್ಲಿ ಹೆಚ್ಚಾಗಿ ಗಂಡುಹುಡುಗರೇ ಇದ್ದಾರೆ, ಉಳಿದವರ ಉತ್ತರಕ್ಕೆ ಹೆಚ್ಚು ತೂಕ ಹಾಕಿ ಅದನ್ನು ಸರಿಪಡಿಸಬಹುದು. ಆದರೆ ಮನೆ ಮನೆಯ ಲೆಕ್ಕ ನಂಬುವಂತಿಲ್ಲ. ಇಷ್ಟೊಂದು ಜನ ತೃಪ್ತರಾಗಿರುವುದು ಎಲ್ಲೂ ಇಲ್ಲ. ನಿಮ್ಮ ಹುಡುಗಿಯರು ಯಾವುದೋ ಮರದ ಕೆಳಗೆ ಕೂತು ತಾವೇ ತುಂಬಿದ್ದಾರೆ. ಮುಂದಿನ ಸುತ್ತಿನಿಂದ ಮನೆ ಭೇಟಿ ನಿಲ್ಲಿಸಿ, ಲಿಂಕ್ ಒಂದೇ ಸಾಕು.

ಅಕ್ಕೋರ ಮುಖ ಕೆಂಪಾಯಿತು. ಹುಡುಗಿಯರು ಬಿಸಿಲಲ್ಲಿ ನಡೆದು ನಡೆದು ಕಾಲು ಬೊಕ್ಕೆ ಎದ್ದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಕಳೆದುಹೋಗುವುದು ಕೆಲಸ ಮಾತ್ರ ಅಲ್ಲ, ಹುಡುಗಿಯರ ಮರ್ಯಾದೆ ಕೂಡ. "ಸಾಹೇಬ್ರೇ, ಒಂದು ವಾರ ಕೊಡಿ. ನಮ್ಮ ಹುಡುಗಿಯರು ಸುಳ್ಳು ಬರೀಲಿಲ್ಲ ಹೇಳಿ ನಾ ತೋರಿಸ್ತೆ," ಎಂದರು. ಫೋನ್ ಇಟ್ಟ ಮೇಲೆ ಅಂಗೈಗೆ ಅಂಗೈ ಬಡಿದದ್ದೂ ಆಯಿತು. "ಇದು ಚಲೋ ಆತು ನೋಡು ತಂಗಿ. ಈಗ ನಿಜವಾಗಿ ಎಂತ ಆಗ್ತದೆ ಹೇಳಿ ಕಂಡುಹಿಡಿಯುಕೆ ಬೇಕು."

ಕಂಡುಹಿಡಿಯುವ ದಾರಿಯೂ ಅವರದ್ದೇ. ಮನೆಯ ಅವಲಕ್ಕಿ ಡಬ್ಬಿ ತಂದು, ಕುಮಟೆ ಪೇಟೆಯಲ್ಲಿ ಮುಚ್ಚಳಕ್ಕೆ ಸೀಳು ಮಾಡಿಸಿದರು. ಚೀಟಿಯ ಮೇಲೆ ಓದಲು ಬಾರದವರಿಗೂ ತಿಳಿಯುವಂತೆ ಮೂರು ಮುಖ ಬರೆದರು: ನಗುವ ಮುಖ, ಸುಮ್ಮನಿರುವ ಮುಖ, ಸಿಡುಕು ಮುಖ. ಕೆಳಗೆ ಒಲವಿನ ಪ್ರಶ್ನೆ. ಮೊದಲು ಎಂದಿನಂತೆ ಬಾಯಲ್ಲಿ ಕೇಳುವುದು. ಆಮೇಲೆ ಅದೇ ಮನುಷ್ಯನಿಗೆ ಚೀಟಿ ಕೊಟ್ಟು, ಅತ್ತ ಹೋಗಿ ಗುರುತು ಹಾಕಿ ಡಬ್ಬಿಗೆ ಹಾಕು ಅನ್ನುವುದು. ಹೆಸರಿಲ್ಲ, ನಂಬರಿಲ್ಲ, ಯಾರದ್ದು ಯಾವುದೆಂದು ದೇವರಿಗೂ ತಿಳಿಯಬಾರದು. ಎರಡೂ ಲೆಕ್ಕ ಒಂದೇ ಬಂದರೆ ಹುಡುಗಿಯರು ಗೆದ್ದರು. ನಾನೂ ಅಕ್ಕೋರೂ ಡಬ್ಬಿ ಹಿಡಿದು ಅಪ್ಸರಕೊಂಡದ ಕಡೆ ಹೊರಟೆವು. ಹಿಂದೆ ಅವರು ಕಲಿಸಿದ ಊರು, ಹುಡುಗಿಯರ ಕೆಲಸವೂ ಆಗಿದ್ದ ಊರು.

ಅಲ್ಲೊಂದು ಮನೆ. ಅಕ್ಕೋರು ಬೇಲಿಯಾಚೆ ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತಿದ್ದರು, ನಾನೊಬ್ಬಳೇ ಮೊದಲು ಅಂಗಳಕ್ಕೆ ಹೋದೆ. ಬೋಟಿನಲ್ಲಿ ಕೆಲಸ ಮಾಡುವ ಮನುಷ್ಯ, ನಲವತ್ತರ ಆಸುಪಾಸು, ಲುಂಗಿ ಎತ್ತಿ ಕಟ್ಟಿ ಬಲೆ ಬಿಡಿಸುತ್ತ ಕೂತಿದ್ದ. ಮೀನು ಇಳಿಸುವ ಧಕ್ಕೆಯ ಸುದ್ದಿ ತೆಗೆದದ್ದೇ ತಡ, ಶುರುವಾಯಿತು. ಮೆಟ್ಟಿಲು ಮುರಿದು ವರ್ಷವಾಯಿತು, ತನ್ನ ಭಾವನ ಕಾಲು ಅಲ್ಲೇ ಮುರಿದದ್ದು, ವೋಟು ಕೇಳಲು ಬಂದವರನ್ನು ಈ ಸಲ ಅದೇ ಮೆಟ್ಟಿಲ ಮೇಲೆ ನಡೆಸುತ್ತೇನೆ ಎಂದು ಬಲೆಯನ್ನೇ ಕೊಡವಿ ಹೇಳಿದ. ಅಷ್ಟರಲ್ಲಿ ಅಕ್ಕೋರು ಒಳಗೆ ಬಂದರು.

ಅವನು ಎದ್ದು ನಿಂತ. ಲುಂಗಿ ಕೆಳಗಿಳಿಯಿತು, ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡವು.

"ಕೂತ್ಕ ಮಾರಾಯಾ," ಎಂದರು ಅಕ್ಕೋರು.

"ಅಡ್ಡಿಲ್ಲ ಅಕ್ಕೋರೇ, ನಿಲ್ತೆ."

"ಸರ್ಕಾರದ ಕೆಲಸ ನಿಂಗೆ ತೃಪ್ತಿ ಅದ್ಯಾ, ಇಲ್ಯಾ?"

ಅವನು ಮಾಡಿನ ಹಂಚು ನೋಡಿದ, ಅಕ್ಕೋರ ಮುಖ ನೋಡಿದ. "ತೃಪ್ತಿ ಅದೆ."

"ಶಾಸಕರ ಕೆಲಸ?"

ಬಾಗಿಲ ಹಿಂದಿನಿಂದ ಹೆಂಡತಿಯ ಪಿಸುದನಿ ಕೇಳಿಸಿತು: "ಅದೂ ಚಲೋ ಅದೆ ಹೇಳಿ."

"ಅದೂ ಚಲೋ ಅದೆ ಅಕ್ಕೋರೇ."

ನನಗೆ ತಡೆಯಲಾಗಲಿಲ್ಲ. "ಮತ್ತೆ ಆ ಧಕ್ಕೆ?" ಎಂದೆ.

"ಧಕ್ಕೆಗೆ ಎಂತ ಆಗ್ಲಿಲ್ಲ. ನಡೀತದೆ," ಎಂದ, ನನ್ನ ಕಡೆ ನೋಡದೆ. ಆಮೇಲೆ ತುಸು ಮುಂದೆ ಬಾಗಿ, ಅಳುಕುತ್ತ ಕೇಳಿದ: "ಎಲ್ಲಾ ಸರಿ ಆತಾ ಅಕ್ಕೋರೇ?"

"ಇದ್ರಲ್ಲಿ ಸರಿ ತಪ್ಪು ಹೇಳಿ ಇಲ್ವೋ. ನಿನ್ನ ಮನಸ್ಸಿಗೆ ಬಂದದ್ದು ಹೇಳುದು."

"ಇಲ್ಲ ಅಂದ್ರೆ ಹೇಂಗೆ? ನೀವೇ ಕೇಳುದಲ್ದಾ," ಎಂದ ಅವನು.

ಅಕ್ಕೋರು ಚೀಟಿ ಕೊಟ್ಟರು. ಅವನು ಗೋಡೆಯ ಕಡೆ ಮುಖ ಮಾಡಿ, ಕೈ ಅಡ್ಡ ಹಿಡಿದು, ಪಕ್ಕದವನು ಕಾಪಿ ಹೊಡೆದಾನು ಎಂಬಂತೆ ಬರೆದು ಡಬ್ಬಿಗೆ ಹಾಕಿದ. ಅಂದು ಆ ಊರಲ್ಲಿ ಬಾಯಲ್ಲಿ ಎಲ್ಲರೂ ತೃಪ್ತರು. ಮಧ್ಯಾಹ್ನ ಮೇಲೆ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಡಬ್ಬಿ ಸುರಿದರೆ ಎಲ್ಲೆಲ್ಲೂ ಸಿಡುಕು ಮುಖ. ನಗುವ ಮುಖ ಹುಡುಕಿ ತೆಗೆಯಬೇಕಾಯಿತು.

ಹೊನ್ನಾವರದ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅಕ್ಕೋರು ಕೂರಲಿಲ್ಲ. ಕಂಬ ಹಿಡಿದು ನಿಂತು, ಇಡೀ ಬಸ್ಸಿಗೆ ಕೇಳುವಂತೆ, "ತಂಗಿ, ತಪ್ಪು ಹುಡುಗಿಯರದ್ದಲ್ಲ. ನಿನ್ನ ಲಿಂಕಿನದ್ದೂ ಅಲ್ಲ. ನಂದು," ಎಂದರು. ಕಂಡಕ್ಟರ್ ಹಿಂದಿನಿಂದ, "ಎಂತ ಆತು ಅಕ್ಕೋರೇ?" ಎಂದು ಗಾಬರಿಯಲ್ಲಿ ಬಂದ; ಅವನೂ ಅವರ ಕೈಕೆಳಗೆ ಕಲಿತವನೇ. "ಇಲ್ನೋಡು, ಇವನೂ ಒಬ್ಬ," ಎಂದು ಅವನ ಬೆನ್ನು ತಟ್ಟಿದರು. "ನಾ ಎದುರಿಗೆ ಕೂತ್ರೆ ಪ್ರಶ್ನೆ ಎಂತದೇ ಇರ್ಲಿ, ಇವ್ರಿಗೆ ಅದು ಪರೀಕ್ಷೆ. ಅಕ್ಕೋರಿಗೆ ಬೇಕಾದ ಉತ್ರ ಹುಡುಕ್ತ್ರು. ಬಾಗ್ಲು ತೆಗೀಲಿ ಹೇಳಿ ನಾ ಹೋದೆ, ಬಾಯಿ ಮುಚ್ಚಿಸಿ ಬಂದೆ. ಹೇಂಗದೆ ನೋಡು." ಕಣ್ಣು ಮಿನುಗುತ್ತಿದ್ದವು. ಒಬ್ಬ ಮನುಷ್ಯ ತನ್ನದೇ ತಪ್ಪು ಕಂಡು ಇಷ್ಟು ಖುಷಿಪಡುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನನಗೂ ಮೈಯೆಲ್ಲ ಹುರುಪು ಬಂದು, ಓದಿದ್ದೆಲ್ಲ ಒಟ್ಟಿಗೆ ಹೇಳತೊಡಗಿದೆ. ಕೇಳುವವರು ಯಾರೆಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆನ್‌ಲೈನಿನಲ್ಲಿ ಕೇಳುವ ಮುಖವೇ ಇಲ್ಲ, ಅದಕ್ಕೇ ಜನ ಬಿಚ್ಚಿ ಹೇಳುತ್ತಾರೆ. ಆದರೆ ಅಲ್ಲಿಗೆ ಬರುವವರೇ ಕೆಲವರು. ನಟ್ಟಿಗದ್ದೆಯ ಹಿರಿಯಾಕೆ ಎಂದಿಗೂ ನನ್ನ ಲಿಂಕ್ ಒತ್ತುವುದಿಲ್ಲ. ಬೈಯುವವರು ನನ್ನ ಬಳಿ, ಸುಮ್ಮನಿರುವವರು ಅವರ ಬಳಿ. ಇಬ್ಬರೂ ಸೇರಿದರೇ ಊರು.

ಶರಾವತಿ ಸೇತುವೆಯ ಮೇಲೆ ಬಸ್ಸು ಹೋಗುವಾಗ ಅವರು ಮೆಲ್ಲಗೆ ನನ್ನ ಪಕ್ಕ ಕೂತರು. "ಆದ್ರೆ ತಂಗಿ, ಇನ್ನು ನಾ ತಿರುಗುಕೆ ಆಗುದಿಲ್ಲ, ಅಲ್ದಾ?"

ಬೇರೆ ಊರಿಗೆ ಹೋದರಾಯಿತು, ಅಂದೆ.

"ಯಾವ ಊರು? ಮೂರು ತಾಲೂಕಲ್ಲೂ ಕಲಿಸಿ ಇಟ್ಟಿದ್ದೆ."

ಸುಮ್ಮನಿದ್ದಿದ್ದರೆ ಅವರ ತಿರುಗಾಟಕ್ಕೆ ಏನೂ ಆಗುತ್ತಿರಲಿಲ್ಲ. ಹುಡುಗಿಯರು ಅವಸರ ಮಾಡಿದರು ಎಂದು ಒಂದು ಮಾತು ಹೇಳಿ, ಬೇರೆ ಹುಡುಗಿಯರನ್ನು ತರುತ್ತೇನೆ ಅಂದಿದ್ದರೆ ಸಾಹೇಬರು ಒಪ್ಪುತ್ತಿದ್ದರು. ಹುಡುಗಿಯರ ಮೇಲೆ ಅವರಿಗೆ ಸಂಶಯ ಮೊದಲೇ ಇತ್ತಲ್ಲ. ಮರುದಿನ ಬೆಳಿಗ್ಗೆ ಅಕ್ಕೋರು ಎಲ್ಲ ಹುಡುಗಿಯರನ್ನೂ ಆಫೀಸಿಗೆ ಕರೆಸಿ, ಸುತ್ತ ಕೂರಿಸಿ, ಅವರ ಎದುರಿಗೇ ಫೋನ್ ಹಚ್ಚಿದರು. "ಸಾಹೇಬ್ರೇ, ಇವ್ರು ಪ್ರತಿ ಮನೆಗೂ ಹೋಗಿದ್ರು. ಕೇಳಿದ್ದನ್ನೇ ಬರ್ದಿದ್ರು. ಲೆಕ್ಕ ಕೆಡಿಸಿದವ್ಳು ನಾನು. ಮನೆ ಬಾಗ್ಲಿಂದ ನನ್ನನ್ನ ತೆಗೀರಿ, ಇವ್ರನ್ನ ಇಟ್ಕಳಿ. ಭಟ್ಕಳದವ್ಳು ಹಿರೇಗುತ್ತಿಗೆ ಹೋಗ್ಲಿ, ಕುಮಟೆಯವ್ಳು ತೆಂಗಿನಗುಂಡಿಗೆ. ಗುರುತಿಲ್ಲದವ್ರು ಕೇಳ್ಲಿ. ಹಾಂಗೆ ಹೋದ್ರೂ, ಯಾರ ಪೈಕಿ ಹೇಳಿ ಜನ ನೋಡೇ ನೋಡ್ತ್ರು, ಅದಕ್ಕೆ ಈ ಡಬ್ಬಿ ಇರ್ಲಿ. ಲಿಂಕೂ ಇರ್ಲಿ."

ಸಾಹೇಬರು, ಒಂದು ಸುತ್ತು ಹಾಗೆ ಮಾಡಿ ನೋಡೋಣ, ಆದರೆ ನೀವು ಯಾವ ಮನೆಗೂ ಹೋಗುವಂತಿಲ್ಲ ಎಂದರು. "ಆತು," ಎಂದರು ಅಕ್ಕೋರು. ಭಟ್ಕಳದ ಸಲ್ಮಾ ಎಂಬ ಹುಡುಗಿ, ತಂಡದಲ್ಲೇ ಎಲ್ಲರಿಗಿಂತ ವಾಚಾಳಿ, ಅಂದು ಅಕ್ಕೋರ ಕೈ ಹಿಡಿದುಕೊಂಡು ಕೂತಿದ್ದಳು. ನನಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಅವರು ಬಿಟ್ಟುಕೊಟ್ಟದ್ದು ಏನೆಂದು ನಮಗೆಲ್ಲ ಗೊತ್ತಿತ್ತು.

ಹೊಸ ಸುತ್ತಿಗೆ ಅವರು ಹುಡುಗಿಯರನ್ನು ಒಳ್ಳೇ ಪೈಲ್ವಾನರಂತೆ ತಯಾರು ಮಾಡಿದರು. ಉತ್ತರ ಕೇಳಿ ತಲೆಯಾಡಿಸಬಾರದು, ಹುಬ್ಬು ಏರಿಸಬಾರದು, "ಹೌದಲ್ದಾ" ಅನ್ನಬಾರದು, ಚೀಟಿ ಬರೆಯುವಾಗ ಅಂಗಳದ ತೆಂಗಿನಮರ ನೋಡಬೇಕು. ಎಲ್ಲ ಸರಿ. ಆದರೆ ಸಲ್ಮಾ ಹಿರೇಗುತ್ತಿಗೆ ಹೊರಟ ದಿನ ತಾವೂ ರಿಕ್ಷಾ ಹತ್ತಿ ಕೂತರು. ನಾನು ಮುಖ ನೋಡಿದೆ. "ರಿಕ್ಷಾ ಎಂತ ಮನೆ ಬಾಗ್ಲನೆ? ರಸ್ತೆ ಬದಿಗೆ ನಿಲ್ಲಿಸ್ಕಂಡು ಕೂರ್ತೆ," ಎಂದು ವಾದಕ್ಕೆ ನಿಂತರು. ವಾದದಲ್ಲಿ ಅವರನ್ನು ಗೆದ್ದವರಿಲ್ಲ.

ಸಲ್ಮಾ ಡಬ್ಬಿ ಹಿಡಿದು ಗದ್ದೆಯಾಚೆಯ ಮನೆಗಳ ಕಡೆ ಹೋದಳು. ಅಕ್ಕೋರು ರಿಕ್ಷಾದೊಳಗೇ ಕೊಡೆ ಬಿಚ್ಚಿ ಮುಖಕ್ಕೆ ಮರೆಮಾಡಿಕೊಂಡಿದ್ದರು. ಎರಡು ನಿಮಿಷ ಮರೆ, ಮೂರನೆಯ ನಿಮಿಷಕ್ಕೆ ಕೊಡೆಯ ಅಂಚಿನಿಂದ ಕಣ್ಣು. "ಬಾಗ್ಲು ತೆಗೆದ್ರನೆ? ಜಗಲಿ ಮೇಲೆ ಕೂರಿಸಿದ್ರಾ? ನೀರು ಕೊಟ್ರಾ?" ಎಂದು ನನ್ನನ್ನು ಕುಟುಕುತ್ತಲೇ ಇದ್ದರು. ಅಷ್ಟರಲ್ಲಿ ಬದನೆಕಾಯಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ಗದ್ದೆಯಂಚಿನಿಂದ ರಸ್ತೆಗೆ ಹತ್ತಿದಳು. ರಿಕ್ಷಾ ದಾಟಿದವಳು ನಿಂತಳು, ಹಿಂದೆ ಬಂದಳು, ಬುಟ್ಟಿ ಇಳಿಸಿದಳು, ಕೊಡೆಯ ಕೆಳಗೆ ಬಗ್ಗಿದಳು.

"ಅಕ್ಕೋರಲ್ದಾ?"

ಅಕ್ಕೋರು ಸೆರಗು ತಲೆಯ ಮೇಲೆ ಎಳೆದುಕೊಂಡರು. "ಅಲ್ಲ."

"ಶಾಲೆಲಿ ನಾಲ್ಕನೇತ್ತೆಗೆ ನಮಗೆ ಕಲಿಸಿದ್ರಿ. ಮನೆ ಅಲ್ಲೇ ಅದೆ, ಬನ್ನಿ, ಇಲ್ಲಿ ಎಂತಕ್ಕೆ ಕೂತ್ಕಂಡ್ರಿ?"

ಅವಳು ಕೈ ತೋರಿಸಿದ್ದು ಸಲ್ಮಾ ಮುಂದೆ ಹೋಗಬೇಕಾದ ಮನೆ. ಅಕ್ಕೋರು ನನ್ನ ಮುಖ ನೋಡಿದರು. ಆ ಮುಖದಲ್ಲಿ ಇಳಿದು ಹೋಗಿಬಿಡುವ ಆಸೆ ಎಷ್ಟಿತ್ತೆಂದು ನನಗೆ ಈಗಲೂ ಬರೆಯಲಾಗುವುದಿಲ್ಲ.

"ನಾ ಅಲ್ಲ ಮಾರಾಯ್ತಿ. ಅವ್ರು ಬೇರೆ ಯಾರೋ," ಎಂದರು, ಅದೇ ಶಾಲೆಯ ದನಿಯಲ್ಲಿ.

ಹೆಂಗಸು ಒಂದು ಗಳಿಗೆ ನೋಡಿದಳು. ನೆಟ್ಟಗೆ ನಿಂತು ಕೈಕಟ್ಟಿದಳು. "ಆತು ಅಕ್ಕೋರೇ," ಎಂದಳು. "ನೀವಲ್ಲ." ಬುಟ್ಟಿ ಎತ್ತಿಕೊಂಡು ಮನೆಯ ಕಡೆ ನಡೆದಳು.

ರಿಕ್ಷಾದವನು ಮೊದಲು ನಕ್ಕ, ಆಮೇಲೆ ನಾನು. ಅಕ್ಕೋರೂ ರಿಕ್ಷಾ ಅಲ್ಲಾಡುವಷ್ಟು ನಕ್ಕರು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರಸಿಕೊಂಡರು, ಆಮೇಲೆ ನಗು ನಿಂತರೂ ಒರಸಿಕೊಳ್ಳುತ್ತಲೇ ಇದ್ದರು. "ಹೌದು ಹೇಳುದೊಂದೇ ಕಲಿಸಿದ್ನನೆ ತಂಗಿ ನಾನು? ಇಷ್ಟು ವರ್ಷ?" ಎಂದು ಕೇಳಿದರು. ಅವರೇ ರಿಕ್ಷಾದವನಿಗೆ ಹೆದ್ದಾರಿಯ ಚಾದಂಗಡಿಯವರೆಗೆ ಹಿಂದೆ ಹೋಗಲು ಹೇಳಿದರು. ಸಲ್ಮಾ ಬರುವವರೆಗೂ ಅಲ್ಲಿ ಕೂತ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಸಂಜೆ ಆಫೀಸಿನಲ್ಲಿ ಡಬ್ಬಿ ಸುರಿದೆವು. ಬುಟ್ಟಿಯ ಹೆಂಗಸಿನ ಮನೆಯ ಚೀಟಿ ತೆಗೆದುಬಿಡಬೇಕು, ಅವಳು ನನ್ನನ್ನು ನೋಡಿಬಿಟ್ಟಿದ್ದಾಳೆ ಎಂದರು ಅಕ್ಕೋರು. ಯಾವುದೆಂದು ಗೊತ್ತಾಗುವ ದಾರಿ ಇರಲಿಲ್ಲ. ಡಬ್ಬಿ ಮಾಡಿದ್ದೇ ಅದಕ್ಕೆ. ಸಲ್ಮಾ ಒಂದೊಂದೇ ಬಿಡಿಸಿ ಕೊಟ್ಟಳು, ಅಕ್ಕೋರು ಓದಿದರು, ನಾನು ಗಣಕಯಂತ್ರಕ್ಕೆ ಹಾಕಿದೆ. ಸಿಡುಕು ಮುಖ, ಸಿಡುಕು ಮುಖ, ಸುಮ್ಮನಿರುವ ಮುಖ, ನಗುವ ಮುಖ, ಮತ್ತೆ ಸಿಡುಕು. ಬಾಯಲ್ಲಿ ಸಲ್ಮಾಳಿಗೆ ಕೊಟ್ಟ ಉತ್ತರಕ್ಕೂ ಚೀಟಿಗೂ ಅಂತರ ಎಷ್ಟೋ ಕಡಿಮೆಯಾಗಿತ್ತು. ತೂಕ ಹಾಕಿದ ಮೇಲೆ ನನ್ನ ಲಿಂಕಿನ ಲೆಕ್ಕವೂ ಹತ್ತಿರ ಹತ್ತಿರ ಬರುತ್ತಿತ್ತು. ನಾನು ಕುರ್ಚಿಯ ಮೇಲೆ ಕೂರಲಾರದೆ ನಿಂತೇ ಟೈಪ್ ಮಾಡುತ್ತಿದ್ದೆ. ಮನೆ ಭೇಟಿ ಉಳಿಯಿತು, ಹುಡುಗಿಯರು ಉಳಿದರು. ಅಕ್ಕೋರು ಮಾತ್ರ ಸಪ್ಪಗೆ ಓದುತ್ತಿದ್ದರು.

ಒಂದು ಚೀಟಿಗೆ ಬಂದು ನಿಂತುಬಿಟ್ಟರು.

ಸಿಡುಕು ಮುಖಕ್ಕೆ ಗುರುತು ಇತ್ತು. ಅದರ ಕೆಳಗೆ ನಮ್ಮ ಎರಡನೆಯ ಪ್ರಶ್ನೆ: ನಿಮ್ಮ ಮನೆಯ ಒಲವು ಯಾವ ಕಡೆ? ಬೆಂಗಳೂರಿನವರು ಬರೆದುಕೊಟ್ಟ ಪ್ರಶ್ನೆ. ಲಿಂಕಿನಲ್ಲೂ ಅದೇ ಇತ್ತು. ಮನೆಗೊಂದು ಫೋನು, ಫೋನಿಗೊಂದು ಉತ್ತರ. ಬಾಗಿಲಲ್ಲೂ ಅದನ್ನೇ ಕೇಳಿದ್ದೆವು. ಯಜಮಾನ ಹೇಳಿದ್ದನ್ನು ಮನೆಯವರೆಲ್ಲರ ಮಾತೆಂದು ಬರೆದಿದ್ದೆವು. ಎರಡು ದಾರಿಯ ಜಗಳದಲ್ಲಿ ಮುಳುಗಿದ್ದ ನಮಗೆ ಎರಡರಲ್ಲೂ ಇದೇ ತಪ್ಪಿದೆ ಎಂದು ಹೊಳೆದೇ ಇರಲಿಲ್ಲ. ಈ ಚೀಟಿಯಲ್ಲಿ ಯಾರೋ ಇಡೀ ಪ್ರಶ್ನೆಯ ಮೇಲೆ ಅಡ್ಡಗೆರೆ ಎಳೆದಿದ್ದರು. ಎಳೆದು, ಉತ್ತರದ ಜಾಗದಲ್ಲಿ, ಒತ್ತಿ ಒತ್ತಿ ಬರೆದಿದ್ದರು: ಮನೆ ಬೇರೆ, ನಾನು ಬೇರೆ.

ಅಕ್ಕೋರು ಅದನ್ನು ಒಮ್ಮೆ ಮನಸ್ಸಿನಲ್ಲಿ ಓದಿದರು, ಒಮ್ಮೆ ಗಟ್ಟಿಯಾಗಿ ಓದಿದರು. ಎದ್ದು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಓದಿದರು. ಯಾರು ಬರೆದದ್ದಿರಬಹುದು ಎಂದು ಸಲ್ಮಾ ಕೇಳಿದಾಗ, "ಗೊತ್ತಿಲ್ಲ, ಗೊತ್ತಾಗುದೂ ಬೇಡ," ಎಂದು ಚೀಟಿಯನ್ನು ಎದೆಗೊತ್ತಿಕೊಂಡರು. ಬೆಳಿಗ್ಗೆಯಿಂದ ಕಾಣದಿದ್ದ ಆ ಹಳೆಯ ಬೆಳಕು ಮುಖದ ಮೇಲೆ ತುಂಬಿ ಬಂತು. ಶಾಲೆಗೇ ಮೊದಲ ಸ್ಥಾನ ಪಡೆದ ಮಗುವನ್ನು ಊರಿಗೆ ತೋರಿಸುವ ದನಿಯಲ್ಲಿ ಅವರು ಹೇಳಿದರು:

"ಇದು ನಾ ಕಲಿಸಿದ್ದಲ್ಲ ತಂಗಿ."